ರಕ್ತದ ಗುಳಿಗೆಯ ಡಬ್ಬಿ

ಹದಿನೈದು ದಿನಕ್ಕೊಮ್ಮೆ ನಾನು ಕೊಡ್ಲಿಗೆ ಹೋಗುತ್ತಿದ್ದೆ. ನನ್ನ ತಂಗಿಯನ್ನು ಕೊಟ್ಟದ್ದು ಆ ಊರಿಗೆ. ನಾನು ಸೇಡಂನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ. ಶನಿವಾರ ಬೆಳಗಿನ ಪಾಠ ಮುಗಿಸಿ ಬಸ್ಸು ಹಿಡಿದರೆ ಬಿಸಿಲು ಇಳಿಯುವ ಮೊದಲೇ ಅಲ್ಲಿರುತ್ತಿದ್ದೆ. ಚೀಲದಲ್ಲಿ ಒಂದಿಷ್ಟು ಹಣ್ಣು, ಅವ್ವ ಭಂಕೂರದಿಂದ ರೊಟ್ಟಿಗೆಂದು ಕಳಿಸಿದ ಶೇಂಗಾ ಹಿಂಡಿ, ಮತ್ತು ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯ ಮೇಲೆ ದಾಳಿಂಬೆ ಹಣ್ಣಿನ ಚಿತ್ರವಿತ್ತು, ರಕ್ತ ಹೆಚ್ಚಿಸುವ ಗುಳಿಗೆ ಎಂದು ಬರೆದಿತ್ತು. ಒಳಗೆ ಇದ್ದದ್ದು ಬೇರೆ.

ತಂಗಿಗೆ ಹನ್ನೆರಡನೆಯ ವಯಸ್ಸಿನಲ್ಲಿ ಮೂರ್ಛೆ ಬರಲು ಸುರುವಾಯಿತು. ಮೊದಲ ಸಲ ಬಿದ್ದದ್ದು ಶಾಲೆಯ ಪ್ರಾರ್ಥನೆಯಲ್ಲಿ, ಎರಡನೆಯ ಸಲ ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ. ಕಲಬುರಗಿಯ ವೈದ್ಯರು ಬರೆದುಕೊಟ್ಟ ಗುಳಿಗೆ ಹಿಡಿಯಿತು. ಬೆಳಗ್ಗೆ ಒಂದು, ಸಂಜೆ ಒಂದು. ಎಂಟು ವರ್ಷ ಆಕೆ ಒಮ್ಮೆಯೂ ಬೀಳಲಿಲ್ಲ. ಅವ್ವ ಅದನ್ನೇ ರೋಗ ಹೋದ ಗುರುತು ಎಂದುಕೊಂಡು ವರ ನೋಡಲು ಸುರು ಮಾಡಿದಳು. ಕೊಡ್ಲಿಯ ಮನೆಯವರು ಬಂದು ನೋಡಿದರು, ಒಪ್ಪಿದರು. ರೋಗದ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಗುಳಿಗೆ ಮಾತ್ರ ಬಿಡುವ ಹಾಗಿರಲಿಲ್ಲ. ಅತ್ತೆಯ ಮನೆಯಲ್ಲಿ ಹೆಸರು ಅಚ್ಚಾದ ಅದರ ಬೆಳ್ಳಿಹಾಳೆ ಯಾರ ಕಣ್ಣಿಗಾದರೂ ಬಿದ್ದರೆ, ಔಷಧದ ಅಂಗಡಿಯವನಿಗೆ ತೋರಿಸಿದರೆ, ಅಲ್ಲಿಗೆ ಮುಗಿಯಿತು. ಡಬ್ಬಿಯ ಉಪಾಯ ನನ್ನದು. ನಸುಗೆಂಪು ಬಣ್ಣದ ಗುಳಿಗೆಗಳನ್ನು ಹಾಳೆಯಿಂದ ಒಂದೊಂದಾಗಿ ಒತ್ತಿ ತೆಗೆದು ಡಬ್ಬಿಗೆ ತುಂಬುತ್ತಿದ್ದೆ. ಆ ಗುಳಿಗೆಯ ಗುಣವೆಂದರೆ ಹಾಳೆಯಿಂದ ಹೊರಬಂದರೆ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ತಿಂಗಳ ಗುಳಿಗೆ ಒಮ್ಮೆಲೇ ತುಂಬಿದರೆ ಕೊನೆಯವು ಅಂಟಿಕೊಳ್ಳುತ್ತಿದ್ದವು. ಅದಕ್ಕೇ ಹದಿನೈದು ದಿನದ ಲೆಕ್ಕ. ಊರಿನವರು ನನ್ನನ್ನು ತಂಗಿಯ ಮೇಲೆ ಜೀವ ಇಟ್ಟುಕೊಂಡವಳು ಎಂದು ಹೊಗಳುತ್ತಿದ್ದರಂತೆ.

ಇಲ್ಲಿ ನನ್ನ ಓದಿನ ಬಗ್ಗೆ ಹೇಳಬೇಕು. ಹೇಳದಿದ್ದರೆ ನಾನು ತಿಳಿಯದೆ ಮಾಡಿದೆ ಎಂದು ನೀವು ಅಂದುಕೊಳ್ಳಬಹುದು.

ಎಂ.ಎಸ್ಸಿ.ಯ ಕೊನೆಯ ವರ್ಷ ನಾನು ಕೋಳಿಮೊಟ್ಟೆಯೊಳಗಿನ ಎಂಟು ದಿನದ ಪಿಂಡದಿಂದ ನರಕೋಶಗಳನ್ನು ಬಿಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಿದ್ದೆ. ಎಳೆಯ ನರಕೋಶ ತನ್ನ ಮೈಯಿಂದ ಒಂದು ದಾರವನ್ನು ಹೊರಗೆ ಚಾಚುತ್ತದೆ. ದಾರದ ತುದಿ ಸಣ್ಣ ಅಂಗೈಯ ಹಾಗಿರುತ್ತದೆ. ಅದರ ಬೆರಳುಗಳು ಚಾಚಿ, ಮುಟ್ಟಿ, ಹಿಂದೆ ಸರಿದು, ಮತ್ತೆ ಚಾಚುತ್ತ ದಾರಿ ಹುಡುಕುತ್ತವೆ. ತುದಿಗೆ ಕಣ್ಣಿಲ್ಲ. ಹೊರಗೆ ಮುಟ್ಟಿದ್ದನ್ನು ಒಳಗೆ ತಿಳಿಸುವುದು ಕಿಣ್ವಗಳು. ಒಂದು ಕಿಣ್ವ ಇನ್ನೊಂದರ ಮೈಗೆ ರಂಜಕದ ಒಂದು ತುಣುಕನ್ನು ಅಂಟಿಸುತ್ತದೆ. ಅಂಟಿಸಿಕೊಂಡದ್ದು ಎಚ್ಚರಾಗುತ್ತದೆ, ಇಲ್ಲವೇ ಸುಮ್ಮನಾಗುತ್ತದೆ, ಮುಂದಿನದಕ್ಕೆ ಸುದ್ದಿ ಮುಟ್ಟುತ್ತದೆ. ಕೊನೆಗೆ ದಾರದೊಳಗಿನ ಆಧಾರದ ಕಡ್ಡಿಗಳು ಒಂದು ಕಡೆ ಬೆಳೆದು ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತವೆ, ದಾರ ತಿರುಗುತ್ತದೆ. ನಾವು ನೋಡುತ್ತಿದ್ದ ಕಿಣ್ವ ತುದಿಯ ಒಂದು ಬದಿಯಲ್ಲಿ ಸುಮ್ಮನಿದ್ದು ಇನ್ನೊಂದು ಬದಿಯಲ್ಲಿ ಕೆಲಸ ಮಾಡುತ್ತಿರಬೇಕು. ಆ ವ್ಯತ್ಯಾಸವೇ ದಾರಕ್ಕೆ ದಾರಿ. ಎಲ್ಲ ಬದಿಯಲ್ಲೂ ಒಮ್ಮೆಲೇ ಸುಮ್ಮನಾದರೆ ಅಂಗೈ ಅಗಲವಾಗಿ ಹರಡಿಕೊಂಡು ನಿಂತಲ್ಲೇ ನಿಲ್ಲುತ್ತದೆ. ದಾರ ಗಿಡ್ಡವಾಗುತ್ತದೆ, ಕವಲೊಡೆಯಬಾರದ ಕಡೆ ಕವಲೊಡೆಯುತ್ತದೆ.

ಆ ಕಿಣ್ವವನ್ನು ಸುಮ್ಮನಾಗಿಸಲು ನಾವು ತಟ್ಟೆಗೆ ಹನಿಸುತ್ತಿದ್ದುದು ಸೋಡಿಯಂ ವಾಲ್ಪ್ರೊಯೇಟ್. ನನ್ನ ತಂಗಿಯ ಗುಳಿಗೆಯಲ್ಲಿದ್ದುದೂ ಅದೇ.

ಇದೇ ವಸ್ತು ಬೆಳೆದ ಮಿದುಳಿನಲ್ಲಿ ಮೂರ್ಛೆಯನ್ನು ತಡೆಯುತ್ತದೆ, ಬೆಳೆಯುತ್ತಿರುವ ಮಿದುಳಿನಲ್ಲಿ ದಾರಿ ಕೆಡಿಸಬಹುದು. ಬಸುರಿನ ಮೊದಲ ವಾರಗಳಲ್ಲಾದರೆ ಬೆನ್ನುಹುರಿ ಮುಚ್ಚಿಕೊಳ್ಳುವುದನ್ನೇ ತಡೆಯಬಹುದು. ಮದುವೆಗೆ ಮುಂಚೆ ಕಲಬುರಗಿಯ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಮಕ್ಕಳಾಗುವ ಮೊದಲೇ ಗುಳಿಗೆ ಬದಲಿಸಬೇಕು ಎಂದಿದ್ದರು. ಬದಲಿಸುವಾಗ ಒಂದೆರಡು ಸಲ ಮೂರ್ಛೆ ಬಂದರೂ ಬರಬಹುದು ಎಂದೂ ಹೇಳಿದ್ದರು. ಅವ್ವ ಕೇಳಿದ್ದು ಎರಡನೆಯ ಮಾತನ್ನು ಮಾತ್ರ. ಹೊಸ ಸೊಸೆ ಅತ್ತೆಯ ಮುಂದೆ ಬೀಳುವುದು ಆಕೆಗೆ ಮಗು ಕೆಡುವುದಕ್ಕಿಂತ ದೊಡ್ಡದಾಗಿ ಕಂಡಿತು. ನಾನು ಜಗಳವಾಡಿ ಸೋತೆ. ಸೋತ ಮೇಲೆ ತಂಗಿಯನ್ನು ಕೂರಿಸಿಕೊಂಡು, ಈಗಲೇ ಮಕ್ಕಳು ಬೇಡ ಎಂದು ಹೇಳಿ, ಹೆದರಲಿ ಎಂದೇ ಫೋನಿನಲ್ಲಿದ್ದ ಆ ಕೋಶಗಳ ಚಿತ್ರ ತೋರಿಸಿದೆ. ಹರಡಿಕೊಂಡು ನಿಂತ ಅಂಗೈಗಳನ್ನು ಆಕೆ ಬಹಳ ಹೊತ್ತು ನೋಡಿದಳು. ಹೂವಿನ ಹಾಗೆ ಕಾಣುತ್ತವೆ ಎಂದಳು.

ಕೊಡ್ಲಿಯ ಮನೆಯಲ್ಲಿ ತಂಗಿಯ ಅತ್ತೆ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ಹಿರಿಯ ಸೊಸೆಗೆ, ಅಂದರೆ ತಂಗಿಯ ನೆಗೆಣ್ಣಿಗೆ, ಮದುವೆಯಾಗಿ ಆರು ವರ್ಷವಾಗಿತ್ತು. ಎರಡು ಸಲ ಬಸುರಾಗಿ ಇಳಿದುಹೋಗಿತ್ತು. ಆಕೆಯ ನಾಲಿಗೆ ಚುರುಕು. ನನ್ನ ತಂಗಿ ರೊಟ್ಟಿ ಬಡಿದರೆ ಚಂದ್ರನ ಮೇಲಿನ ಕುಳಿ ಎಣಿಸಬಹುದು ಎನ್ನುತ್ತಿದ್ದಳು. ನಾನು ಹೋದಾಗಲೆಲ್ಲ, ಇಷ್ಟು ರಕ್ತ ಕುಡಿಸಿ ಯಾವ ಪೈಲ್ವಾನನ ಮೇಲೆ ಬಿಡುತ್ತೀರಿ ಎಂದು ಕೇಳುತ್ತಿದ್ದಳು. ಅತ್ತೆ ಬಿಗಿ ಹೆಂಗಸು, ಆದರೆ ಉಣ್ಣುವ ತಾಟಿನಲ್ಲಿ ಇಬ್ಬರಿಗೂ ಭೇದ ಮಾಡಿದವಳಲ್ಲ.

ಮಳೆಗಾಲ ಸುರುವಾದಾಗ ತಂಗಿ ಫೋನ್ ಮಾಡಿ, ಗುಳಿಗೆ ತೇವ ಹಿಡಿದು ಹಾಳಾಗುತ್ತಿವೆ, ಈ ಸಲ ಹದಿನೈದು ಹೆಚ್ಚು ಹಾಕಿಕೊಂಡು ಬಾ ಎಂದಳು. ಹಾಕಿಕೊಂಡು ಹೋದೆ. ಮುಂದಿನ ಸಲವೂ ಹಾಗೇ ಹೇಳಿದಳು. ಹಾಳಾದವು ಎಲ್ಲಿ, ತೋರಿಸು ಎಂದು ನಾನು ಕೇಳಲಿಲ್ಲ. ಇವತ್ತಿಗೂ ನಾನು ಮನಸ್ಸಿನಲ್ಲೇ ಆ ಎರಡು ಶನಿವಾರಗಳಲ್ಲಿ ನಿಂತು ಕೇಳುತ್ತೇನೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಕೇಳುತ್ತೇನೆ, ನೀರು ಕುಡಿದು ಕೇಳುತ್ತೇನೆ, ಹೊರಡುವಾಗ ಕೇಳುತ್ತೇನೆ.

ಮೂರನೆಯ ಶನಿವಾರ ನಾನು ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ಅತ್ತೆ ಬಂದು ಎದುರಿಗೆ ಕುಳಿತಳು. ಮುಖ ಬೆಳಗುತ್ತಿತ್ತು. ಹಿರಿಯ ಸೊಸೆಗೆ ಮೂರನೆಯ ತಿಂಗಳು ನಡೆದಿದೆ, ಮೂರು ತುಂಬುವ ತನಕ ಹೊರಗಿನವರಿಗೆ ಹೇಳಬಾರದೆಂದು ಸುಮ್ಮನಿದ್ದೆವು, ನೀನು ಮನೆಯವಳು ಎಂದು ಹೇಳುತ್ತಿದ್ದೇನೆ ಎಂದಳು. ನಾನು ಸಂತೋಷಪಟ್ಟೆ. ಆಗ ಆಕೆ ನನ್ನ ಮೊಣಕೈ ಹಿಡಿದು ದನಿ ತಗ್ಗಿಸಿದಳು.

"ಆಶಾದಕಿ ಕೊಟ್ಟ ರಕ್ತದ ಗುಳಿಗಿ ಆಕಿಗಿ ಹಿಡೀಲಿಲ್ಲ ಯವ್ವಾ, ಒಂದೇ ಸಮ ವಾಂತಿ. ಅದಕ್ಕ ನೀ ತರೋದ್ರಾಗಿಂದ ದಿನಾ ಮುಂಜಾನಿ ಒಂದು ಕೊಡಾಕತ್ತೀನಿ. ಭಾಳ ಛಲೋ ಅವ. ತಗೊಂಡ್ಲಂದ್ರ ಆರಾಮ ನಿದ್ದಿ ಬರ್ತದ ಆಕಿಗಿ."

ಎಷ್ಟು ದಿನದಿಂದ ಎಂದು ಕೇಳಿದೆ. ಮುಟ್ಟು ನಿಂತು ಹತ್ತು ದಿನಕ್ಕೆ ಸುರು ಮಾಡಿದೆ ಎಂದಳು. ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ಒಳಗೆ ನಾನು ದಿನ ಎಣಿಸುತ್ತಿದ್ದೆ. ಬೆನ್ನುಹುರಿ ಮುಚ್ಚುವ ದಿನಗಳು ಮುಗಿದಿದ್ದವೋ ಇಲ್ಲವೋ ಎಂಬ ಅಂಚಿಗೇ ಲೆಕ್ಕ ಬಂದು ನಿಲ್ಲುತ್ತಿತ್ತು. ಆಮೇಲಿನ ವಾರಗಳ ಬಗ್ಗೆ ಅಂಥ ಅಂಚೇ ಇಲ್ಲ. ನರಕೋಶಗಳು ಹುಟ್ಟುವುದು, ದಾರ ಚಾಚುವುದು ಆ ವಾರಗಳಲ್ಲೇ.

ತಂಗಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಆಕೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ನಿನಗೆ ಗೊತ್ತಿತ್ತೇನು ಎಂದು ಕೇಳಿದೆ. ಆಕೆ ಸೀರೆಯನ್ನು ಕಲ್ಲಿಗೆ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು."

"ಸುಮ್ಕ ಇದ್ದಿ?"

"ಏನಂತ ಹೇಳ್ಲಿ? ಅದು ರಕ್ತದ ಗುಳಿಗಿ ಅಲ್ಲ, ನನ್ನ ಮೂರ್ಛಿ ಗುಳಿಗಿ, ಉಗುಳು ಅಂತ ಹೇಳ್ಲಾ? ಹೇಳಿ ಎಲ್ಲಿ ಹೋಗ್ಲಿ?"

ಚಿತ್ರ ತೋರಿಸಿದ್ದೆನಲ್ಲ ಎಂದೆ. ಆಗ ಬಡಿಯುವುದು ನಿಂತಿತು. ಆಕೆ ಮುಖದ ಮೇಲಿನ ಸಾಬೂನು ನೊರೆಯನ್ನು ತೋಳಿನಿಂದ ಒರೆಸಿಕೊಂಡು ನನ್ನನ್ನು ನೋಡಿದಳು.

"ನನಗ ಕೂಸು ಬ್ಯಾಡ ಅಂತ ನೀ ಹೇಳಿದಾಗ ಇಷ್ಟು ನಡುಗಿದ್ದಿಲ್ಲಕ್ಕಾ."

ಆ ಮಾತು ಆಡುವಾಗ ಆಕೆಯ ಕಣ್ಣಿನಲ್ಲಿ ಕಂಡದ್ದನ್ನು ಹೇಳಬೇಕು. ಹೆದರಿಕೆ ಮಾತ್ರ ಇರಲಿಲ್ಲ. ಅವಳಿಗಾದರೂ ಕೂಸು ಯಾಕೆ ಆಗಬೇಕು ಎಂಬುದೂ ಇತ್ತು. ನನ್ನ ಒಡಹುಟ್ಟಿದವಳು ಅವಳು, ನಾನು ಕಂಡದ್ದು ತಪ್ಪಿರಲಿಕ್ಕಿಲ್ಲ.

ನಾನು ಮಾಡಿದ್ದು ಹೇಡಿಯ ಕೆಲಸ. ಒಳಗೆ ಬಂದು, ಈ ಗುಳಿಗೆಗಳು ಕೆಟ್ಟಿವೆಯಂತೆ, ಅಂಗಡಿಯವನು ವಾಪಸು ಕೇಳಿದ್ದಾನೆ ಎಂದು ಸುಳ್ಳು ಹೇಳಿದೆ. ಹಳೆಯ ಡಬ್ಬಿ, ಹೊಸ ಡಬ್ಬಿ ಎರಡನ್ನೂ ಚೀಲಕ್ಕೆ ಹಾಕಿಕೊಂಡೆ. ಬಸುರಿಯನ್ನು ಬೇಗ ಕಲಬುರಗಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿರಿ, ಅಲ್ಲಿಯವರೆಗೆ ಆಶಾ ಕಾರ್ಯಕರ್ತೆ ಕೊಟ್ಟದ್ದನ್ನು ಬಿಟ್ಟು ಬೇರೆ ಯಾವುದನ್ನೂ ಕೊಡಬೇಡಿರಿ ಎಂದೆ. ಅತ್ತೆ ತಲೆಯಾಡಿಸಿದಳು. ನೆಗೆಣ್ಣಿ ಬಾಗಿಲಿಗೊರಗಿ ನಿಂತು, ಕೊಟ್ಟ ಮಾಲು ವಾಪಸು ಒಯ್ಯುವ ಬೀಗರನ್ನು ಇವತ್ತೇ ನೋಡಿದೆ ಎಂದು ನಕ್ಕಳು. ಆಕೆಯ ಹೊಟ್ಟೆ ಇನ್ನೂ ಕಾಣುತ್ತಿರಲಿಲ್ಲ. ನಾನು ಅತ್ತಲೇ ನೋಡುತ್ತಿದ್ದೆ.

ಬಸ್ಸು ಸೇಡಂ ಮುಟ್ಟುವ ಹೊತ್ತಿಗೆ ನೆನಪಾಯಿತು. ಎರಡೂ ಡಬ್ಬಿ ನನ್ನ ಚೀಲದಲ್ಲಿವೆ, ತಂಗಿಯ ಹತ್ತಿರ ಒಂದು ಗುಳಿಗೆಯೂ ಇಲ್ಲ.

ಬೇರೆಯವರ ಮಗುವಿನ ಬಗ್ಗೆ ಹೆದರುತ್ತ ನನ್ನ ತಂಗಿಯನ್ನು ಮರೆತಿದ್ದೆ. ಈ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಮೂರ್ಛೆ ಮೊದಲಿಗಿಂತ ಜೋರಾಗಿ ತಿರುಗಿ ಬರಬಹುದೆಂದು ನನಗೆ ಗೊತ್ತಿತ್ತು. ಸೋಮವಾರ, ಮಂಗಳವಾರ ಕಾಲೇಜಿನಲ್ಲಿ ಪರೀಕ್ಷೆ ಇತ್ತು, ನನಗೆ ಒಂದು ಕೊಠಡಿಯ ಮೇಲ್ವಿಚಾರಣೆ ಕೊಟ್ಟಿದ್ದರು. ಭಾನುವಾರವೇ ತಿರುಗಿ ಹೋದರೆ ಅತ್ತೆಗೆ ಸಂಶಯ ಬರುತ್ತದೆ ಎನಿಸಿತು. ಎರಡು ಮೂರು ದಿನ ತಾನೇ ಎಂದುಕೊಂಡೆ. ತಂಗಿಗೆ ಫೋನ್ ಮಾಡಿ, ಒಲೆಯ ಹತ್ತಿರ ಹೋಗಬೇಡ, ಬುಧವಾರ ಬರುತ್ತೇನೆ ಎಂದೆ. ಈ ಮನೆಯಲ್ಲಿ ಒಲೆ ಬಿಟ್ಟು ನನಗೆ ಬೇರೆ ಜಾಗ ಎಲ್ಲಿದೆ ಎಂದು ಆಕೆ ಫೋನ್ ಇಟ್ಟಳು. ಮಂಗಳವಾರ ಕಲಬುರಗಿಯ ವೈದ್ಯರಿಗೂ ಫೋನ್ ಮಾಡಿದೆ. ಆ ಬಸುರಿಗೂ ಆಕೆಯನ್ನು ನೋಡುವ ವೈದ್ಯರಿಗೂ ನಿಜ ಹೇಳಲೇಬೇಕು, ನೀವೇ ಹೇಳಬೇಕು ಎಂದರು.

ಬುಧವಾರ ಬೆಳಗಿನ ಬಸ್ಸಿಗೇ ಹೋದೆ. ನಾನು ಹೋದಾಗ ತಂಗಿ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಹೊರಗೆ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನೆಗೆಣ್ಣಿ ಗೋಡೆಗೊರಗಿ ಕಾಲು ಚಾಚಿ ಕೂತು ತಂಗಿಯನ್ನು ಛೇಡಿಸುತ್ತಿದ್ದಳು. ನಾನು ಚೀಲದೊಳಗೆ ಕೈ ಹಾಕಿ ಡಬ್ಬಿ ಹುಡುಕುತ್ತಿದ್ದೆ. ತಂಗಿ ರೊಟ್ಟಿ ಬಡಿಯುವ ಕೊಣಮಿಗೆಯ ಮೇಲಿನ ಹಿಟ್ಟಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು. ನನ್ನನ್ನು ನೋಡಲಿಲ್ಲ. ಕಣ್ಣು ನನ್ನನ್ನು ದಾಟಿ ಮೇಲೆ ಹೋಯಿತು, ಗಂಟಲಿನಿಂದ ಒಂದು ದನಿ ಬಂತು, ಮೈ ಕಟ್ಟಿಗೆಯಾಗಿ ಆಕೆ ಕಾದ ಹಂಚಿನ ಮೇಲೆ ಮುಂದಕ್ಕೆ ಬಾಗಿದಳು.

ನಾನು ಅಲುಗಾಡಲಿಲ್ಲ. ಮೂರ್ಛೆಯಲ್ಲಿ ಏನು ಮಾಡಬೇಕೆಂದು ಪ್ರತಿ ವರ್ಷ ಪಾಠ ಹೇಳುವವಳು ನಾನು, ನಿಂತಲ್ಲೇ ನಿಂತಿದ್ದೆ. ಎದ್ದವಳು ನೆಗೆಣ್ಣಿ. ಬರಿಗೈಯಿಂದ ಹಂಚನ್ನು ಆಚೆ ತಳ್ಳಿ, ತಂಗಿಯ ಎರಡೂ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಎಳೆದಳು. ತಂಗಿಯ ಮೊಣಕೈಗಳು ಬಡಿಯುತ್ತಿದ್ದವು. ಒಂದು ಏಟು ನೆಗೆಣ್ಣಿಯ ತೊಡೆಗೆ ಬಿತ್ತು, ಇನ್ನೊಂದು ಹೊಟ್ಟೆಗೆ ತಾಗುವುದರಲ್ಲಿತ್ತು. ಆಕೆ ಮಗ್ಗುಲಾಗಿ ಹೊಟ್ಟೆಯನ್ನು ತಪ್ಪಿಸಿಕೊಂಡಳೇ ಹೊರತು ತಂಗಿಯನ್ನು ಬಿಡಲಿಲ್ಲ. ಅತ್ತೆ ಓಡಿ ಬಂದು ಒಂದು ಗಳಿಗೆ ನೋಡಿದಳು. ಮರುಗಳಿಗೆ ಒಳಗೆ ಹೋಗಿ ದೊಡ್ಡ ಕಬ್ಬಿಣದ ಕೀಲಿಕೈ ತಂದು ತಂಗಿಯ ಮುಷ್ಟಿಗೆ ತುರುಕಿದಳು, ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದಳು. ಏನೆಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ.

ಮೈ ಸಡಿಲಾಗಿ ತಂಗಿ ನಿದ್ದೆಗೆ ಬಿದ್ದ ಮೇಲೆ ಮೂವರೂ ಪರಸಿ ಕಲ್ಲಿನ ನೆಲದ ಮೇಲೆ ಆಕೆಯ ಸುತ್ತ ಕುಳಿತಿದ್ದೆವು. ತಂಗಿಯ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಲಿದಿತ್ತು. ನೆಗೆಣ್ಣಿಯ ಅಂಗೈಯಲ್ಲಿ ಬೊಬ್ಬೆ ಏಳುತ್ತಿತ್ತು. ಎಷ್ಟು ವರ್ಷದ್ದು ಇದು ಎಂದು ಅತ್ತೆ ಕೇಳಿದಳು. ಹೇಳಿದೆ. ಔಷಧ ಇಲ್ಲವೇ ಎಂದು ಕೇಳಿದಳು. ಇದೆ ಎಂದೆ. ನನ್ನ ಕೈಯಿಂದ ಬಿದ್ದ ಚೀಲದ ಬಾಯಿಂದ ಡಬ್ಬಿ ಅರ್ಧ ಹೊರಗೆ ಬಂದಿತ್ತು. ಆಕೆ ಅದನ್ನು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಡಬ್ಬಿಯನ್ನು ನೋಡಿದಳು. ನಾನು ಹೇಳಬೇಕಾದ ಮಾತು ನನ್ನ ಬಾಯಲ್ಲೇ ಇತ್ತು, ಅಷ್ಟರಲ್ಲಿ ಅದು ಆಕೆಗೆ ತಾನಾಗಿಯೇ ತಿಳಿಯಿತು.

"ನನ್ನ ಕೈಲೆ ಕೊಡಿಸಿದ್ರಿ," ಎಂದಳು. ಅದುವರೆಗೆ ನನ್ನನ್ನು ಯವ್ವಾ ಎಂದು ಕರೆಯುತ್ತಿದ್ದವಳು, ಅಂದಿನಿಂದ ಬಹುವಚನ ಬಿಡಲಿಲ್ಲ. ಬಲಗೈಯನ್ನು ಸೆರಗಿನಿಂದ ಒರೆಸತೊಡಗಿದಳು, ಒರೆಸುತ್ತಲೇ ಇದ್ದಳು.

ನೆಗೆಣ್ಣಿ ಇಬ್ಬರ ಮುಖವನ್ನೂ ನೋಡಿದಳು. ಯಾವ ಕುಚೋದ್ಯದ ಮಾತೂ ಬರಲಿಲ್ಲ.

"ಅಕ್ಕಾರ, ನನ್ನ ಕೂಸಿಗಿ ಏನಾಗ್ತದ?"

ಏನೂ ಆಗಲಿಕ್ಕಿಲ್ಲ, ಪ್ರಮಾಣ ಕಡಿಮೆಯಿತ್ತು, ದಿನಕ್ಕೆ ಒಂದೇ ತಾನೇ ಎಂದೆ. ಬಹಳಷ್ಟು ಕೂಸುಗಳು ಸರಿಯಾಗಿಯೇ ಹುಟ್ಟುತ್ತವೆ ಎಂದೆ. ಹಾಗಾದರೆ ಯಾಕೆ ಗುಳಿಗೆಯನ್ನು ಓಡಿಹೋಗುವವರ ಹಾಗೆ ಒಯ್ದಿರಿ ಎಂದು ಆಕೆ ಕೇಳಿದಳು. ಆಮೇಲೆ ನಾನು ಎಲ್ಲವನ್ನೂ ಹೇಳಿದೆ, ಕೋಳಿಮೊಟ್ಟೆಯಿಂದ ಹಿಡಿದು. ಆಕೆ ಏಳನೆಯ ಇಯತ್ತೆ ಕಲಿತವಳು. ಒಂದೊಂದು ಮಾತನ್ನೂ ತಡೆದು ತಡೆದು ಕೇಳಿ ತಿಳಿದುಕೊಂಡಳು. ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ಈ ಪಾಠವನ್ನು ಅಷ್ಟು ಚೆನ್ನಾಗಿ ಕಲಿತಿಲ್ಲ.

ಸ್ಕ್ಯಾನಿನಲ್ಲಿ ಬೆನ್ನುಹುರಿ ಮುಚ್ಚಿತ್ತು. ಹೃದಯ ಸರಿಯಿತ್ತು, ತುಟಿ ಸರಿಯಿತ್ತು. ಉಳಿದದ್ದನ್ನು ಸ್ಕ್ಯಾನ್ ಹೇಳುವುದಿಲ್ಲ, ಮಗು ಬೆಳೆದೇ ಹೇಳಬೇಕು ಎಂದರು ವೈದ್ಯರು. ಹೆಣ್ಣು ಹುಟ್ಟಿತು.

ಸುಟ್ಟ ಗಾಯ ಒಣಗುವ ಮೊದಲೇ ತಂಗಿಯನ್ನು ಭಂಕೂರಕ್ಕೆ ತಂದು ಬಿಟ್ಟರು. ಆಕೆಯ ಗಂಡ ಒಮ್ಮೆ ಬಂದು ಅಂಗಳದಲ್ಲೇ ನಿಂತು ಮಾತಾಡಿ ಹೋದ, ಮತ್ತೆ ಬರಲಿಲ್ಲ. ಕಲಬುರಗಿಯ ವೈದ್ಯರು ಗುಳಿಗೆ ಬದಲಿಸಿದರು. ಮೂರು ತಿಂಗಳಲ್ಲಿ ಹೊಸ ಗುಳಿಗೆ ಹಿಡಿಯಿತು, ಬದಲಿಸುವಾಗ ಒಮ್ಮೆಯೂ ಮೂರ್ಛೆ ಬರಲಿಲ್ಲ. ಈಗ ಆಕೆಗೆ ಯಾವ ತೊಂದರೆಯೂ ಇಲ್ಲದೆ ಮಕ್ಕಳಾಗಬಹುದು ಎಂದು ವೈದ್ಯರು ಹೇಳಿದಾಗ ಅವ್ವ ಎದ್ದು ಹೊರಗೆ ಹೋದಳು. ತಂಗಿ ನನ್ನೊಡನೆ ಮಾತಾಡುವುದು ಕಡಿಮೆ. ಆಡಿದರೆ ಒಂದೇ ಮಾತು, ನೀನು ಆ ಡಬ್ಬಿ ಒಯ್ಯದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೇಡಂನಿಂದ ಊರಿಗೆ ಹೋಗುವ ರೈಲು ಚಿತ್ತಾಪುರ ದಾಟಿ ವಾಡಿ ಬರುವಷ್ಟರಲ್ಲಿ ನಾನು ಈ ಮಾತಿಗೆ ಹತ್ತು ಉತ್ತರ ಕಟ್ಟಿಕೊಳ್ಳುತ್ತೇನೆ, ಭಂಕೂರಕ್ಕೆ ಹತ್ತಿರದ ಶಹಾಬಾದಿನಲ್ಲಿ ಇಳಿಯುವ ಹೊತ್ತಿಗೆ ಒಂದೂ ಉಳಿದಿರುವುದಿಲ್ಲ.

ಆ ಮನೆಯಿಂದ ಇವತ್ತಿಗೂ ನನಗೆ ಫೋನ್ ಮಾಡುವವಳು ನೆಗೆಣ್ಣಿ ಒಬ್ಬಳೇ. ಬೈಯಲು ಅಲ್ಲ. ಕೂಸು ಕತ್ತು ನಿಲ್ಲಿಸುವುದು ತಡವಾದಾಗ ಮಾಡಿದಳು. ಹೊರಳಿದಾಗ ಮಾಡಿದಳು. ಪಕ್ಕದ ಮನೆಯ ಕೂಸು ತೆವಳುತ್ತದೆ, ನಮ್ಮದು ಇಲ್ಲ, ಇದು ಹೊತ್ತು ಬರದೇ ಇರುವುದಕ್ಕೋ ಅಥವಾ ನಿಮ್ಮ ಗುಳಿಗೆಯಿಂದಲೋ ಎಂದು ಕೇಳಿದಳು. ಪ್ರತಿ ಸಲವೂ ನಾನು, ಎಲ್ಲ ಕೂಸುಗಳೂ ಒಂದೇ ಹೊತ್ತಿಗೆ ಎಲ್ಲವನ್ನೂ ಮಾಡುವುದಿಲ್ಲ, ವೈದ್ಯರಿಗೆ ತೋರಿಸಿರಿ ಎನ್ನುತ್ತೇನೆ. ಅದು ನಿಜವೂ ಹೌದು. ತೋರಿಸಿದ್ದಾರೆ, ಅವರೂ ಕಾಯಿರಿ ಎಂದಿದ್ದಾರೆ. ಹೀಗೆ ಆ ಕೂಸಿನ ಒಂದೊಂದು ದಿನವೂ ನನ್ನ ಕಿವಿಗೆ ಬರುತ್ತದೆ, ಮುಖ ಮಾತ್ರ ನಾನು ನೋಡಿಲ್ಲ. ನೋಡಲು ಬರಬಹುದೇ ಎಂದು ಒಮ್ಮೆ ಕೇಳಿದ್ದೆ. ನೀವು ನೋಡಿದರೆ ಕೂಸನ್ನು ನೋಡುವುದಿಲ್ಲ, ಅದರಲ್ಲಿ ಏನು ಕೆಟ್ಟಿದೆ ಎಂದು ನೋಡುತ್ತೀರಿ, ಆ ಕೆಲಸಕ್ಕೆ ನಾನೊಬ್ಬಳು ಸಾಕು ಎಂದಳು.

ಈಗ ಕೂಸಿಗೆ ಹದಿನಾಲ್ಕು ತಿಂಗಳು. ಹೋದ ವಾರ ನಾನು ಎರಡು ಪಾಠಗಳ ನಡುವೆ ಪ್ರಯೋಗಶಾಲೆಯಲ್ಲಿದ್ದಾಗ ಫೋನ್ ಬಂತು. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ ಎಂದಳು. ಕೆಲವು ಸಲ ನೋಡಿದ ಹಾಗೆ ಅನಿಸುತ್ತದೆ, ಆದರೆ ಆಗ ಅತ್ತಲೇ ಏನಾದರೂ ಸಪ್ಪಳವಾಗಿರುತ್ತದಂತೆ. ಆಟದಲ್ಲಿ ಮುಳುಗಿರಬಹುದು ಎಂದೆ. ಕಿವಿ ಪರೀಕ್ಷೆ ಮಾಡಿಸಿರಿ ಎಂದೆ. ಮಾಡಿಸಿದೆವು, ಕಿವಿ ಛಲೋ ಇವೆ ಎಂದಳು. ಕಿವಿ ಸರಿಯಿದ್ದೂ ಹೆಸರಿಗೆ ತಿರುಗದಿರುವುದು ಆ ಗುಳಿಗೆಯ ಗುರುತೂ ಆಗಿರಬಹುದೆಂದು ನನಗೆ ಗೊತ್ತಿತ್ತು.

"ಫೋನ್ ಇಡಬ್ಯಾಡ್ರಿ," ಎಂದಳು. "ನಾ ಕರೀತೀನಿ, ನೀವು ಕೇಳ್ರಿ."

ಕೂಸು ಯಾವುದೋ ಬಟ್ಟಲನ್ನು ನೆಲಕ್ಕೆ ಬಡಿಯುತ್ತಿತ್ತು. ಆಕೆ ಹೆಸರು ಹಿಡಿದು ಕರೆದಳು. ಬಟ್ಟಲಿನ ಸಪ್ಪಳ ನಿಲ್ಲಲಿಲ್ಲ. ಇನ್ನೊಮ್ಮೆ ಕರೆದಳು, ದನಿಯಲ್ಲಿ ಅಳುವಿರಲಿಲ್ಲ, ಕಾಗೆಗೆ ಅನ್ನ ಇಟ್ಟು ಕರೆಯುವವರ ಹಾಗೆ ಬರಿಯ ಹಟವಿತ್ತು. ಬಾಗಿಲಲ್ಲಿ ಮುಂದಿನ ಪಾಠದ ಹುಡುಗಿಯರು ಬಂದು ನಿಂತಿದ್ದರು. ನಾನು ಅವರಿಗೆ ಕೈ ತೋರಿಸಿ ತಡೆದು, ಫೋನನ್ನು ಕಿವಿಗೆ ಒತ್ತಿಕೊಂಡೆ. ಆಕೆ ಮತ್ತೆ ಕರೆದಳು.